ಸೊಂಟದ ಪಿಸ್ತೂಲು ಮತ್ತು ಅದರ ಒರೆ: ನೈರೋಬಿಯಿಂದ ಒಂದು ಅವಲೋಕನ

ಕಳೆದ ಗಣೇಶ ಚತುರ್ಥಿಯ ಸಂಜೆ ನೈರೋಬಿಯ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಮನೆಯೊಂದರಲ್ಲಿ ಮಂಗಳಾರತಿ ಮುಗಿದು ಎಲೆ ಹಾಕುವ ಹೊತ್ತಾಗಿತ್ತು. ನನ್ನ ಪಕ್ಕದಲ್ಲಿ ಕುಳಿತುಕೊಳ್ಳಲು ಬಂದ ಗೆಳೆಯರೊಬ್ಬರು ಚಕ್ಕಳಮಕ್ಕಳ ಹಾಕುವಾಗ ತಡವರಿಸಿದರು. ಜುಬ್ಬದ ಅಂಚನ್ನು ಸರಿಪಡಿಸಿಕೊಂಡು, ಸೊಂಟದಲ್ಲಿದ್ದುದನ್ನು ಪಕ್ಕಕ್ಕೆ ಒತ್ತಿ, ಒಂದು ಮಂಡಿಯನ್ನು ಎತ್ತಿಕೊಂಡೇ ಊಟಕ್ಕೆ ಕುಳಿತರು. ಅವರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಬ್ಬಿಣದ ಸಾಮಾನಿನ ವ್ಯಾಪಾರ ಮಾಡುವವರು. ಶನಿವಾರಗಳಂದು ಕೂಲಿಯವರಿಗೆ ನಗದು ಬಟವಾಡೆ ಮಾಡಬೇಕಾಗಿದ್ದುದರಿಂದ ಪಿಸ್ತೂಲಿಗೆ ಪರವಾನಗಿ ಪಡೆದು ಮೂರು ತಿಂಗಳಾಗಿತ್ತು. ಅದು ನಾಡಾದ ಪಟ್ಟಿಯೊಳಗೆ ಬರಿದಾಗಿ ಸಿಕ್ಕಿಸಿದ ಪಿಸ್ತೂಲು. ಹೋಳಿಗೆ ಬಡಿಸುವವರು ಮುಂದೆ ಸಾಗಿದ ಮೇಲೆ ಅವರು ಮೆಲ್ಲನೆ ಕೇಳಿದರು: “ಡಾಕ್ಟ್ರೇ, ನೀವು ಗುಂಡೇಟು ಬಿದ್ದವರನ್ನು ನೋಡ್ತಾ ಇರ್ತೀರಲ್ಲ. ಇದಕ್ಕೆ ಯಾವ ಹೋಲ್‌ಸ್ಟರ್ ಒಳ್ಳೇದು? ಅಮೆರಿಕದ ಪೊಲೀಸರು ಹಾಕ್ಕೋತಾರಲ್ಲ, ಮೂರು ಬೀಗದ್ದು, ಅದನ್ನೇ ತರಿಸಲೇ?”

ನನಗೆ ಬಂದೂಕುಗಳ ಮೇಲೆ ಮೋಹವಿಲ್ಲ. ಅವು ಮಾಡಿದ ಗಾಯಗಳ ಪರಿಚಯ ಮಾತ್ರ ವೃತ್ತಿಯ ಕಾರಣದಿಂದ ಸಾಕಷ್ಟಿದೆ. “ಇಟ್ಟುಕೊಳ್ಳಲೇ ಬೇಡಿ” ಎಂದು ಹೇಳಿಬಿಡುವುದು ಸುಲಭವಾಗಿತ್ತು. ಆದರೆ ಪರವಾನಗಿ ಪಡೆದು ಪಿಸ್ತೂಲು ಕೊಂಡಾಗಿರುವ ಮನುಷ್ಯನಿಗೆ ಅದರಿಂದ ಪ್ರಯೋಜನವಿಲ್ಲ. ಅಲ್ಲದೆ ಕೇಳಿದ ಪ್ರಶ್ನೆ ಚಿಕ್ಕದೆನಿಸಿದರೂ, ಕಳೆದೆರಡು ವರ್ಷಗಳಿಂದ ಈ ನಗರದ ಬೀದಿಗಳಲ್ಲಿ ನಡೆಯುತ್ತಿರುವ ದೊಡ್ಡ ಸಂಗತಿಯೊಂದಕ್ಕೆ ಅದು ನೇರವಾಗಿ ಅಂಟಿಕೊಂಡಿದೆ. ಆದ್ದರಿಂದ ಅವರಿಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಹೋಲ್‌ಸ್ಟರ್ ಎಂಬುದಕ್ಕೆ ಕನ್ನಡದಲ್ಲಿ ‘ಒರೆ’ ಎಂಬ ಹಳೆಯ ಪದವೇ ಸಾಕು. ಕತ್ತಿಯ ಒರೆಯ ಕೆಲಸ ಸರಳ: ಅಲಗು ಯಾರಿಗೂ ತಾಗದಂತೆ ಮುಚ್ಚಿಡುವುದು. ಪಿಸ್ತೂಲಿನ ಒರೆಯ ಮೇಲೆ ಹೊರೆ ಹೆಚ್ಚು. ಟ್ರಿಗರನ್ನು ಪೂರ್ತಿಯಾಗಿ ಮುಚ್ಚಬೇಕು. ಓಡಿದರೂ ಬಿದ್ದರೂ ಆಯುಧ ಕದಲದೆ ಒಂದೇ ಜಾಗದಲ್ಲಿರಬೇಕು. ಧರಿಸಿದವನ ಕೈಗೆ ತಕ್ಷಣ ಒದಗಬೇಕು, ಇನ್ನೊಬ್ಬನ ಕೈಗೆ ಒದಗಲೇಬಾರದು. ಇವೆಲ್ಲವನ್ನೂ ಮಾರಾಟಗಾರರು ಹೇಳುತ್ತಾರೆ. ಅವರು ಅಷ್ಟಾಗಿ ಹೇಳದ ಇನ್ನೊಂದು ಕೆಲಸವಿದೆ: ಹೊರತೆಗೆದ ಆಯುಧವನ್ನು ಮರಳಿ ಇಡಲು ಒಂದು ನಂಬಿಕೆಯ ಸ್ಥಳವಾಗುವುದು. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯವಾದುದು.

ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ನಮಗೆ ಈ ಪಾಠ ಬೇರೆ ರೀತಿಯಲ್ಲಿ ಕಲಿಸಲಾಗಿದೆ. ಹಿಂದೆ ಚಾಕುವನ್ನು ದಾದಿಯ ಕೈಯಿಂದ ಶಸ್ತ್ರವೈದ್ಯನ ಕೈಗೆ ನೇರವಾಗಿ ದಾಟಿಸುತ್ತಿದ್ದರು, ಬೆರಳುಗಳು ಕೊಯ್ದುಕೊಳ್ಳುತ್ತಿದ್ದವು. ಈಗ ಇಬ್ಬರ ನಡುವೆ ಒಂದು ತಟ್ಟೆ ಇರುತ್ತದೆ. ಹರಿತವಾದುದೆಲ್ಲ ಮೊದಲು ಅಲ್ಲಿಗೆ ಹೋಗಬೇಕು, ಅಲ್ಲಿಂದಲೇ ಎತ್ತಿಕೊಳ್ಳಬೇಕು. ತಟ್ಟೆ ಇಲ್ಲದಿದ್ದರೆ ಚಾಕು ಕೈಯಲ್ಲೇ ಉಳಿಯುತ್ತದೆ. ಇಡಲು ಜಾಗವಿಲ್ಲದ ಪಿಸ್ತೂಲೂ ಹಾಗೆಯೇ ಕೈಯಲ್ಲಿ ಉಳಿಯುತ್ತದೆ, ಮತ್ತು ಕೈಯಲ್ಲಿ ಉಳಿದ ಪಿಸ್ತೂಲು ಗುಂಪಿನ ನಡುವೆ ಏನು ಮಾಡಬಲ್ಲದೆಂಬುದನ್ನು ನೈರೋಬಿ ಕಂಡಿದೆ.

ಇನ್ನು ‘ರಿಟೆನ್ಶನ್’ ಎಂಬ ಮಾತು. ಆಯುಧವನ್ನು ಬಿಗಿಹಿಡಿದಿಟ್ಟುಕೊಳ್ಳುವುದು ಎಂದು ಅದರ ಅರ್ಥ. ಇದರ ಹಳೆಯ ರೂಪ ನಮ್ಮೂರಿನಲ್ಲೇ ಇತ್ತು. ಪೊಲೀಸ್ ಸಬ್ ಇನ್‌ಸ್ಪೆಕ್ಟರರ ಭುಜದಿಂದ ಇಳಿದು ರಿವಾಲ್ವರಿನ ಹಿಡಿಗೆ ಕಟ್ಟಿಕೊಳ್ಳುತ್ತಿದ್ದ ಹೆಣೆದ ಹುರಿಯನ್ನು ನಾನು ಬಾಲ್ಯದಲ್ಲಿ ಅಲಂಕಾರವೆಂದೇ ತಿಳಿದಿದ್ದೆ. ಅದು ಅಲಂಕಾರವಲ್ಲ, ಕೈ ಜಾರಿದರೂ ಯಾರಾದರೂ ಕಸಿದರೂ ಆಯುಧ ದೂರ ಹೋಗದಿರಲೆಂದು ಕಟ್ಟಿದ ಹಗ್ಗ. ಕಾಶ್ಮೀರದಲ್ಲಿ ಕಾವಲಿಗೆ ನಿಂತ ಜವಾನರು ರೈಫಲನ್ನು ಸರಪಳಿಯಿಂದ ನಡುಪಟ್ಟಿಗೆ ಬಿಗಿದುಕೊಳ್ಳುವುದೂ ಇದೇ ಭಯದಿಂದ.

ಒರೆಯ ಒಳಗೇ ಬೀಗವನ್ನು ಅಳವಡಿಸುವ ವಿದ್ಯೆ ಅಮೆರಿಕದಲ್ಲಿ 1970ರ ದಶಕದಲ್ಲಿ ಬೆಳೆಯಿತು. ಅಲ್ಲಿ ಪೊಲೀಸರು ತಮ್ಮದೇ ಕೈಬಂದೂಕಿನಿಂದ ಕೊಲ್ಲಲ್ಪಡುವುದು ಗಂಭೀರ ಸಮಸ್ಯೆಯಾಗಿತ್ತು. ಕಾನ್ಸಾಸ್ ಸಿಟಿಯ ಪೊಲೀಸ್ ಇಲಾಖೆಯಲ್ಲಿ ತರಬೇತುದಾರರಾಗಿದ್ದ ಜಿಮ್ ಲಿಂಡೆಲ್, ಕಸಿಯಲು ಬಂದವನ ಕೈಯಿಂದ ಆಯುಧವನ್ನು ಉಳಿಸಿಕೊಳ್ಳುವ ಪಟ್ಟುಗಳನ್ನು ರೂಪಿಸಿದರು. ಎಫ್‌ಬಿಐಯಲ್ಲಿ ಅಧಿಕಾರಿಯಾಗಿದ್ದ ಬಿಲ್ ರಾಜರ್ಸ್ ಒರೆಗಳನ್ನು ತಯಾರಿಸುವ ಉದ್ಯಮ ಆರಂಭಿಸಿ, ಅವುಗಳ ಬಿಗಿತವನ್ನು ಅಳೆಯುವ ಪರೀಕ್ಷೆಯೊಂದನ್ನು ಏರ್ಪಡಿಸಿದರು. ಮುಂದೆ ಆ ಉದ್ಯಮ ಸಫಾರಿಲ್ಯಾಂಡ್ ಎಂಬ ಕಂಪನಿಗೆ ಸೇರಿತು. ಈ ಹೆಸರಿಗೂ ನಮ್ಮ ಕೀನ್ಯಾದ ಸಫಾರಿಗೂ ವ್ಯಾಪಾರದ ಸಂಬಂಧವಿಲ್ಲದಿದ್ದರೂ ಇಲ್ಲಿ ಕುಳಿತು ಓದುವಾಗ ನಗು ಬರುತ್ತದೆ.

ರಾಜರ್ಸ್ ಪರೀಕ್ಷೆಯ ತಿರುಳು ಇಷ್ಟು: ಒರೆಯನ್ನು ಒಬ್ಬ ಧರಿಸಿರುತ್ತಾನೆ, ಮತ್ತೊಬ್ಬ ಹಿಡಿಯನ್ನು ಹಿಡಿದು ಎಲ್ಲ ದಿಕ್ಕುಗಳಿಂದಲೂ ಪೂರ್ಣ ಬಲದಿಂದ ಐದು ಸೆಕೆಂಡು ಎಳೆಯುತ್ತಾನೆ. ಪಿಸ್ತೂಲು ಒಳಗೇ ಉಳಿದರೆ ಅದು ಮೊದಲ ಹಂತ. ಒಂದು ಬೀಗವನ್ನು ತೆರೆದು ಮತ್ತೆ ಎಳೆದಾಗಲೂ ಉಳಿದರೆ ಎರಡನೆಯ ಹಂತ, ಇನ್ನೊಂದನ್ನೂ ತೆರೆದ ಮೇಲೂ ಉಳಿದರೆ ಮೂರನೆಯದು. ಗೆಳೆಯರು ‘ಮೂರು ಬೀಗ’ ಎಂದದ್ದು ಇದನ್ನೇ. ಆದರೆ ಓದುಗರು ಒಂದು ವಿಷಯವನ್ನು ಗಮನಿಸಬೇಕು. ಈ ಹಂತಗಳು ಯಾವುದೇ ಸರ್ಕಾರ ನಿಗದಿಪಡಿಸಿದ ಮಾನದಂಡವಲ್ಲ. ಒಬ್ಬ ತಯಾರಕನ ‘ಮೂರನೆಯ ಹಂತ’ ಇನ್ನೊಬ್ಬನದಕ್ಕೆ ಸಮನಾಗಿರಬೇಕೆಂದಿಲ್ಲ. ಕೆಲವರು ಎಳೆದು ನೋಡದೆ ಬೀಗಗಳನ್ನು ಎಣಿಸಿಯೇ ಹಂತ ಹೇಳಿಬಿಡುತ್ತಾರೆ.

ಬೀಗ ಎಂದರೆ ಕೀಲಿಕೈ ಬೇಕಾದುದಲ್ಲ. ಔಷಧಿ ಸೀಸೆಯ ಮುಚ್ಚಳವನ್ನು ಒತ್ತಿ ತಿರುಗಿಸಬೇಕಲ್ಲವೆ? ಎರಡು ಬೇರೆ ಬೇರೆ ಚಲನೆಗಳನ್ನು ಒಟ್ಟಿಗೆ ಮಾಡಬಲ್ಲ ದೊಡ್ಡವರಿಗೆ ಅದು ತೆರೆಯುತ್ತದೆ, ಮಗುವಿಗೆ ತೆರೆಯುವುದಿಲ್ಲ. ಒಳ್ಳೆಯ ಒರೆಯ ತತ್ತ್ವವೂ ಇದೇ. ಧರಿಸಿದವನ ಹೆಬ್ಬೆರಳು ಹಿಡಿಯ ಮೇಲೆ ಸಹಜವಾಗಿ ಇಳಿಯುವ ಜಾಗದಲ್ಲೇ ಒಂದು ಸನ್ನೆ. ಅದನ್ನು ಒತ್ತಿ, ಮುಂದಕ್ಕೆ ಮಡಚಿ, ಮೇಲಕ್ಕೆ ಎಳೆಯಬೇಕು. ಹಿಂದಿನಿಂದಲೋ ಪಕ್ಕದಿಂದಲೋ ಕೈ ಹಾಕಿದವನಿಗೆ ಆ ಕೋನ ಒದಗುವುದಿಲ್ಲ. ಹೆಬ್ಬೆರಳಿನ ಬದಲು ತೋರುಬೆರಳಿನಿಂದ ಗುಂಡಿಯೊತ್ತಿ ತೆರೆಯುವ ಜಾತಿಯೂ ಇದೆ. ಬ್ಲ್ಯಾಕ್‌ಹಾಕ್ ಕಂಪನಿಯ ‘ಸರ್ಪಾ’ ಅದರಲ್ಲಿ ಹೆಸರಾದದ್ದು. ಅದನ್ನು ನಾನು ಯಾರಿಗೂ ಹೇಳಲಾರೆ. ಗಾಬರಿಯಲ್ಲಿ ಬಲವಾಗಿ ಗುಂಡಿಯೊತ್ತುವ ತೋರುಬೆರಳು, ಪಿಸ್ತೂಲು ಹೊರಬರುತ್ತಿದ್ದಂತೆ ಅದೇ ಬಲದಲ್ಲಿ ಒಳಕ್ಕೆ ಮಡಚಿಕೊಂಡು ಟ್ರಿಗರಿನ ಮೇಲೆ ಬೀಳುವ ಸಂಭವವಿದೆ. ಆಗ ಪಿಸ್ತೂಲಿನ ಬಾಯಿ ಇರುವುದು ತನ್ನದೇ ತೊಡೆಯ ಕಡೆಗೆ. ಅಮೆರಿಕದ ಫೆಡರಲ್ ಪೊಲೀಸ್ ತರಬೇತಿ ಕೇಂದ್ರ ಆ ಒರೆಯನ್ನು ತನ್ನ ಅಂಗಳದಲ್ಲಿ ನಿಷೇಧಿಸಿದ್ದು ಸುಮ್ಮನೆ ಅಲ್ಲ.

ಈಗ ಗೆಳೆಯರ ಪ್ರಶ್ನೆಗೆ ಬರೋಣ. ಸೊಂಟದ ಮೇಲೆ ಎಲ್ಲರಿಗೂ ಕಾಣುವಂತೆ ಧರಿಸುವ ಮೂರು ಬೀಗದ ಒರೆ ನೈರೋಬಿಯ ವ್ಯಾಪಾರಿಗೆ ಉಪಯೋಗವಿಲ್ಲ. ಏಕೆಂದರೆ ಕಾಣುವಂತೆ ಧರಿಸುವ ಅವಕಾಶವೇ ಅವನಿಗಿಲ್ಲ. ಕೀನ್ಯಾದಲ್ಲಿ ‘ಕ್ಯಾಪ್ 114’ ಎಂದು ಎಲ್ಲರೂ ಕರೆಯುವ ಫೈರ್‌ಆರ್ಮ್ಸ್ ಆ್ಯಕ್ಟ್ ಬ್ರಿಟಿಷರ ಕಾಲದಿಂದ ಬಂದದ್ದು. ಅದರ ಅನ್ವಯ ಪರವಾನಗಿ ಕೊಡುವುದು ಫೈರ್‌ಆರ್ಮ್ಸ್ ಲೈಸೆನ್ಸಿಂಗ್ ಬೋರ್ಡ್. 2018ರ ಕೊನೆಯಲ್ಲಿ ಆಗಿನ ಒಳಾಡಳಿತ ಸಚಿವ ಫ್ರೆಡ್ ಮತಿಯಾಂಗಿ ಎಲ್ಲ ಪರವಾನಗಿದಾರರೂ 90 ದಿನಗಳೊಳಗೆ ಮರುಪರಿಶೀಲನೆಗೆ ಒಳಗಾಗಬೇಕೆಂದು ಆದೇಶಿಸಿದಾಗ ಪಾರ್ಕ್‌ಲ್ಯಾಂಡ್ಸ್, ವೆಸ್ಟ್‌ಲ್ಯಾಂಡ್ಸ್‌ಗಳ ಎಷ್ಟೋ ಭಾರತೀಯ ಮನೆಗಳಲ್ಲಿ ಕಪಾಟುಗಳು ತೆರೆದುಕೊಂಡವು. ಇಷ್ಟು ಜನರ ಬಳಿ ಪಿಸ್ತೂಲಿದೆಯೆ ಎಂದು ನಮಗೇ ಆಶ್ಚರ್ಯವಾಯಿತು. ಪರವಾನಗಿದಾರ ಆಯುಧವನ್ನು ಮರೆಯಾಗಿಟ್ಟುಕೊಳ್ಳಬೇಕು, ಮೆರೆಸಬಾರದು. ಖಾಸಗಿ ಕಾವಲುಗಾರರಿಗಂತೂ ಇಲ್ಲಿ ಬಂದೂಕೇ ಇಲ್ಲ: ಮಾಲ್‌ಗಳ ಬಾಗಿಲಲ್ಲಿ ನಮ್ಮ ಕಾರಿನಡಿಗೆ ಕನ್ನಡಿ ಹಿಡಿಯುವ ‘ಅಸ್ಕರಿ’ಯ ಕೈಯಲ್ಲಿರುವುದು ಒಂದು ಲಾಠಿ ಮಾತ್ರ. ಬ್ಯಾಂಕುಗಳ ಮುಂದೆ ನಿಂತ ಪೊಲೀಸರ ಹೆಗಲಲ್ಲಿರುವುದು ರೈಫಲು. ಹಾಗಾದರೆ ಪಿಸ್ತೂಲು ಯಾರ ಸೊಂಟದಲ್ಲಿದೆ? ಮಫ್ತಿಯ ಪೊಲೀಸರಲ್ಲಿ, ರಾಜಕಾರಣಿಗಳ ಅಂಗರಕ್ಷಕರಲ್ಲಿ, ನನ್ನ ಗೆಳೆಯರಂಥವರಲ್ಲಿ. ಇವರಲ್ಲಿ ಅನೇಕರು ಅದನ್ನು ಪ್ಯಾಂಟಿನ ಪಟ್ಟಿಯೊಳಗೆ ಬರಿದೇ ಸಿಕ್ಕಿಸಿಕೊಂಡಿರುವುದನ್ನು ನಾನು ಕಂಡಿದ್ದೇನೆ.

2013ರ ಸೆಪ್ಟೆಂಬರ್ 21ರ ಶನಿವಾರ ವೆಸ್ಟ್‌ಗೇಟ್ ಮಾಲ್‌ನ ಮೇಲೆ ಅಲ್ ಶಬಾಬ್ ದಾಳಿಯಾದಾಗ ಇದರ ಎರಡು ಮುಖಗಳೂ ಕಂಡವು. ವ್ಯವಸ್ಥಿತ ಪಡೆಗಳು ಬರುವ ಮೊದಲೇ ಮಾಲ್‌ನೊಳಗೆ ನುಗ್ಗಿ ಜನರನ್ನು ಹೊರತಂದವರಲ್ಲಿ ಮಫ್ತಿಯ ಪೊಲೀಸರೂ ಪರವಾನಗಿಯ ಪಿಸ್ತೂಲಿದ್ದ ನಾಗರಿಕರೂ ಇದ್ದರು. ಅವರಲ್ಲಿ ಭಾರತೀಯ ಮೂಲದವರೂ ಇದ್ದರು. ಮಾಜಿ ರಕ್ಷಣಾ ಸಚಿವರೊಬ್ಬರ ಮಗ ಅಬ್ದುಲ್ ಹಾಜಿ ಒಂದು ಕೈಬಂದೂಕಿನೊಡನೆ ಮುನ್ನುಗ್ಗಿದ ಚಿತ್ರಗಳನ್ನು ಜಗತ್ತೆಲ್ಲ ನೋಡಿತು. ಅವರ ಧೈರ್ಯದ ಬಗ್ಗೆ ನಾನು ಎರಡು ಮಾತಾಡಲಾರೆ. ಕನಿಷ್ಠ 67 ಮಂದಿ ಸತ್ತ ಆ ದಿನಗಳಲ್ಲಿ ಇನ್ನಷ್ಟು ಜನ ಸಾಯದಂತೆ ತಡೆದವರು ಅವರು. ಆದರೆ ಅದೇ ಮಧ್ಯಾಹ್ನ, ಯಾರು ದಾಳಿಕೋರ, ಯಾರು ರಕ್ಷಕ ಎಂದು ಗುರುತಿಸಲು ಯಾರಿಗೂ ಸಾಧ್ಯವಿರಲಿಲ್ಲ. ಕೈಯಲ್ಲಿ ಪಿಸ್ತೂಲು ಹಿಡಿದ, ಅಂಗಿ ಪ್ಯಾಂಟು ಧರಿಸಿದ ಮನುಷ್ಯ ಎರಡೂ ಆಗಿರಬಹುದು. ಕಡೆಗೆ ಪೊಲೀಸರ ವಿಶೇಷ ದಳದ ಅಧಿಕಾರಿಯೊಬ್ಬರು ಸೈನ್ಯದವರದೇ ಗುಂಡಿಗೆ ಬಲಿಯಾದರು.

ಪಕ್ಕದಲ್ಲಿದ್ದ ಓಶ್ವಾಲ್ ಸಮುದಾಯ ಭವನ ಅಂದು ಆಶ್ರಯತಾಣವೂ ಪ್ರಥಮ ಚಿಕಿತ್ಸೆಯ ನೆಲೆಯೂ ಆಗಿತ್ತು. ನಾನೂ ಕೆಲವು ಗಂಟೆ ಅಲ್ಲಿದ್ದೆ. ನೀರು ಕುಡಿಯಲು ಬಂದ ಒಬ್ಬ ಯುವಕನ ಬಲಗೈ ನಡುಗುತ್ತಿತ್ತು, ಅದರಲ್ಲಿ ಪಿಸ್ತೂಲು ಇತ್ತು. ಲೋಟವನ್ನು ಅವನು ಎಡಗೈಯಲ್ಲಿ ಹಿಡಿದ. “ಅದನ್ನು ಇಡಪ್ಪ” ಎಂದೆ. “ಎಲ್ಲಿ ಇಡಲಿ?” ಎಂದ. ಅವನ ಪ್ರಶ್ನೆ ಅಕ್ಷರಶಃ ನಿಜವಾಗಿತ್ತು. ಓಡುವಾಗ ಸೊಂಟದಿಂದ ಜಾರುತ್ತಿದ್ದುದರಿಂದ ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದ. ಸುತ್ತ ಮಕ್ಕಳು ಕುಳಿತಿದ್ದರು.

2024 ಮತ್ತು 2025ರ ಘಟನೆಗಳಿಗೆ ಬರುವಾಗ ನನಗೆ ಈ ಯುವಕ ನೆನಪಾಗುತ್ತಾನೆ. 2024ರ ಜೂನ್ 25ರಂದು ಹಣಕಾಸು ಮಸೂದೆಯ ವಿರುದ್ಧ ಬೀದಿಗಿಳಿದ ಯುವಜನರು ಸಂಸತ್ತಿನ ಆವರಣವನ್ನು ಹೊಕ್ಕರು; ಪೊಲೀಸರು ಗುಂಡು ಹಾರಿಸಿದರು. ಮುಂದಿನ ವಾರಗಳಲ್ಲಿ ನಗರಮಧ್ಯದಲ್ಲಿ ಹೊಸದೊಂದು ದೃಶ್ಯ ರೂಢಿಯಾಯಿತು. ಮುಖ ಮುಚ್ಚಿಕೊಂಡ, ಸಮವಸ್ತ್ರವಿಲ್ಲದ, ನಂಬರ್ ಪ್ಲೇಟಿಲ್ಲದ ಕಾರುಗಳಿಂದ ಇಳಿಯುವ ಶಸ್ತ್ರಧಾರಿಗಳು. ಆ ವರ್ಷ ಆಗಸ್ಟ್‌ನಲ್ಲಿ ಹೈಕೋರ್ಟು, ಪ್ರತಿಭಟನೆಗಳಲ್ಲಿ ನಿಯೋಜಿತರಾದ ಪೊಲೀಸರು ತಮ್ಮ ಗುರುತು ಮರೆಸಬಾರದೆಂದು ಆದೇಶಿಸಬೇಕಾಯಿತು. 2025ರ ಜೂನ್ 25ರ ವಾರ್ಷಿಕ ಪ್ರತಿಭಟನೆಯಂದು ಡಾಗೊರೆಟ್ಟಿಯ ಪೊಲೀಸ್ ನೆಲೆಯಿಂದ ಬಂದೂಕುಗಳು ದೋಚಲ್ಪಟ್ಟವೆಂದು ಸರ್ಕಾರ ಹೇಳಿತು. ಮಾರನೆಯ ದಿನ ಒಳಾಡಳಿತ ಸಚಿವ ಕಿಪ್ಚುಂಬಾ ಮುರ್ಕೊಮೆನ್, ಠಾಣೆಗೆ ನುಗ್ಗಿ ಆಯುಧ ಕಸಿಯಲು ಬರುವವರ ಮೇಲೆ ಗುಂಡು ಹಾರಿಸಬೇಕೆಂಬ ಅರ್ಥದ ಮಾತಾಡಿದರು. ವಿರೋಧ ಬಂದಾಗ ಅದು ಕಾನೂನಿನ ಚೌಕಟ್ಟಿನಲ್ಲೇ ಇದೆಯೆಂದು ಸಮರ್ಥಿಸಿಕೊಂಡರು.

ಇಲ್ಲಿ ಆಯುಧದ ಬಿಗಿಹಿಡಿತವೆಂಬುದು ಒರೆಯ ಮಾರುಕಟ್ಟೆಯಿಂದ ಹೊರಬಂದು ರಾಜ್ಯದ ನೀತಿಯಾಗುತ್ತದೆ. ತನ್ನ ಆಯುಧ ಕಸಿಯಲ್ಪಡಬಹುದೆಂಬ ಭಯ ಪೊಲೀಸನಿಗೆ ಗುಂಡು ಹಾರಿಸಲು ಅತ್ಯಂತ ಸುಲಭವಾಗಿ ಒದಗುವ ಕಾರಣ. ಆ ಭಯ ಸುಳ್ಳೆಂದು ನಾನು ಹೇಳುತ್ತಿಲ್ಲ. ಗುಂಪಿನ ನಡುವೆ ಸಿಕ್ಕಿಕೊಂಡ, ಪ್ಯಾಂಟಿನ ಪಟ್ಟಿಯಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡ ಕಾನ್‌ಸ್ಟೆಬಲ್‌ನ ಸ್ಥಿತಿಯನ್ನು ಯೋಚಿಸಿ. ಯಾರಾದರೂ ಅಂಗಿ ಎತ್ತಿದರೆ ಆಯುಧ ಅವರದೇ. ಎರಡೂ ಕೈಗಳಿಂದ ಒಬ್ಬನನ್ನು ಹಿಡಿದು ಬಂಧಿಸುವಂತಿಲ್ಲ, ಏಕೆಂದರೆ ಒಂದು ಕೈ ಸೊಂಟವನ್ನು ಕಾಯಬೇಕು. ಅವನಿಗೆ ಅತ್ಯಂತ ಸುರಕ್ಷಿತವೆನಿಸುವ ಜಾಗ ತನ್ನ ಮುಷ್ಟಿ. ಹಾಗಾಗಿ ಪಿಸ್ತೂಲು ಮುಷ್ಟಿಗೆ ಬರುತ್ತದೆ, ಬಂದದ್ದು ಮರಳುವುದಿಲ್ಲ. ಅದೇ ಕಾನ್‌ಸ್ಟೆಬಲ್‌ನಿಗೆ ಎಳೆದರೂ ಬಾರದ ಒರೆಯೊಂದಿದ್ದರೆ ಎರಡು ಕೈಗಳೂ ಖಾಲಿಯಾಗುತ್ತವೆ. ಖಾಲಿ ಕೈಗಳಿಂದ ತಳ್ಳಬಹುದು, ಹಿಡಿಯಬಹುದು, ಬಿದ್ದವನನ್ನು ಎತ್ತಬಹುದು. ಒರೆಯೊಂದು ಸರ್ಕಾರದ ಮನಸ್ಸನ್ನು ಬದಲಿಸುತ್ತದೆಂದು ನಂಬುವಷ್ಟು ನಾನು ಮುಗ್ಧನಲ್ಲ. ಕೊಲ್ಲಬೇಕೆಂದು ಹೊರಟವನನ್ನು ಯಾವ ಬೀಗವೂ ತಡೆಯದು. ಗಾಬರಿಯಿಂದ ಹಾರುವ ಗುಂಡುಗಳ ಬಗ್ಗೆ ಮಾತ್ರ ನನ್ನ ಮಾತು, ಮತ್ತು ಅವೇನೂ ಕಡಿಮೆಯಲ್ಲ.

2025ರ ಜುಲೈ 9ರಂದು ಅಧ್ಯಕ್ಷ ವಿಲಿಯಂ ರೂಟೊ, ಅಂಗಡಿಗಳಿಗೆ ಬೆಂಕಿಯಿಡುವವರ ಕಾಲಿಗೆ ಗುಂಡು ಹೊಡೆಯಬೇಕು, ಅವರು ಆಸ್ಪತ್ರೆಯ ಮೂಲಕ ನ್ಯಾಯಾಲಯಕ್ಕೆ ಹೋಗಲಿ ಎಂಬಂತೆ ಹೇಳಿದರು. ಆ ಮಾತು ಕೇಳಿದ ದಿನ ನಮ್ಮ ವೈದ್ಯರ ಕೊಠಡಿಯಲ್ಲಿ ಕೆಲಹೊತ್ತು ಯಾರೂ ಮಾತಾಡಲಿಲ್ಲ. ಕಾಲೆಂದರೆ ಸುರಕ್ಷಿತ ಗುರಿಯೆಂಬ ಭ್ರಮೆ ಚಲನಚಿತ್ರಗಳಿಂದ ಬಂದದ್ದು. ತೊಡೆಯ ಒಳಭಾಗದಲ್ಲಿ ಹರಿಯುವ ಮುಖ್ಯ ಅಪಧಮನಿ ಹರಿದರೆ ಮನುಷ್ಯ ಕೆಲವೇ ನಿಮಿಷಗಳಲ್ಲಿ ರಕ್ತ ಬಸಿದು ಸಾಯಬಲ್ಲ. ತೊಡೆಮೂಳೆ ಒಡೆದರೆ ಹೊರಗೆ ಹನಿ ಕಾಣದೆಯೂ ಲೀಟರಿನಷ್ಟು ರಕ್ತ ಒಳಗೇ ಸೋರುತ್ತದೆ. ಮಂಡಿಯ ಹಿಂಬದಿಯ ಧಮನಿ ತುಂಡಾದರೆ ಸುಮಾರು ಆರು ಗಂಟೆಗಳೊಳಗೆ ರಕ್ತಸಂಚಾರ ಮರಳಿಸದಿದ್ದಲ್ಲಿ ಕಾಲನ್ನೇ ತೆಗೆಯಬೇಕಾದೀತು. ಜ್ಯಾಮ್ ಆದ ಥೀಕಾ ರಸ್ತೆಯಲ್ಲಿ ಆರು ಗಂಟೆ ಎಂದರೆ ಏನೆಂದು ಇಲ್ಲಿನವರಿಗೆ ಗೊತ್ತು.

ಇದೇ ತೊಡೆಯ ಮಾತು ಗೆಳೆಯರಿಗೂ ಸಲ್ಲುತ್ತದೆ. ನಾನು ನೋಡಿದ ಪಿಸ್ತೂಲಿನ ಗಾಯಗಳಲ್ಲಿ ದರೋಡೆಕೋರರು ಮಾಡಿದವು ಇದ್ದಂತೆ, ಮನುಷ್ಯ ತನಗೆ ತಾನೇ ಮಾಡಿಕೊಂಡವೂ ಇವೆ. ಅವುಗಳ ಜಾಡು ಒಂದೇ ತರಹ: ಸೊಂಟದ ಪಕ್ಕದಲ್ಲಿ ಇಟ್ಟುಕೊಂಡವನಿಗೆ ಹೊರತೊಡೆಯಲ್ಲಿ ಹೊಕ್ಕು ಮಂಡಿಯ ಬಳಿ ಹೊರಬಂದ ಗುಂಡು, ಹೊಟ್ಟೆಯ ಮುಂದೆ ಸಿಕ್ಕಿಸಿಕೊಂಡವನಿಗೆ ತೊಡೆಸಂದಿಯಲ್ಲಿ. ಹೆಚ್ಚಿನವು ಆಗುವುದು ಹೊರತೆಗೆಯುವಾಗಲ್ಲ, ಮರಳಿ ಇಡುವಾಗ. ಜಾಕೆಟ್ಟಿನ ದಾರವೋ ಅಂಗಿಯ ಅಂಚೋ ಬೆರಳೋ ಟ್ರಿಗರಿಗೆ ಸಿಕ್ಕಿಕೊಂಡಿರುತ್ತದೆ, ಮನುಷ್ಯ ಒಳಕ್ಕೆ ಒತ್ತುತ್ತಾನೆ. ಎಲ್ಲ ಪಿಸ್ತೂಲಿಗೂ ಸರಿಹೊಂದುತ್ತದೆಂದು ಮಾರುವ ಮೆತ್ತನೆಯ ನೈಲಾನ್ ಚೀಲಗಳು ಈ ದೃಷ್ಟಿಯಿಂದ ಅಪಾಯಕಾರಿ. ಪಿಸ್ತೂಲು ಹೊರಬಂದೊಡನೆ ಬಾಯಿ ಮುಚ್ಚಿಕೊಳ್ಳುತ್ತದೆ, ಮರಳಿ ತೂರಿಸುವಾಗ ಅದರ ಮಡಿಕೆಯೇ ಬೆರಳಿನಂತೆ ಟ್ರಿಗರನ್ನು ಒತ್ತಬಲ್ಲದು. ಹಳತಾಗಿ ಸೋತ ಚರ್ಮದ ಒರೆಗೂ ಇದೇ ದೋಷ.

ಹಾಗಾಗಿ ಅವರಿಗೆ ನಾನು ಹೇಳಿದ್ದು ಹೀಗೆ. ನಿಮ್ಮ ಪಿಸ್ತೂಲಿನ ಅಚ್ಚಿಗೇ ಒತ್ತಿದ, ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ, ಪ್ಯಾಂಟಿನ ಒಳಬದಿಗೆ ಸೇರುವ ಒರೆ ತೆಗೆದುಕೊಳ್ಳಿ. ಟ್ರಿಗರಿನ ಸುತ್ತ ಎಲ್ಲಿಂದಲೂ ಬೆರಳು ತೂರಬಾರದು. ಪಿಸ್ತೂಲು ತೆಗೆದ ಮೇಲೂ ಬಾಯಿ ತೆರೆದೇ ಇರಬೇಕು. ಗುಂಡು ತೆಗೆದು ಖಾಲಿ ಮಾಡಿದ ಪಿಸ್ತೂಲನ್ನು ಒರೆಯಲ್ಲಿಟ್ಟು, ಹಾಸಿಗೆಯ ಮೇಲೆ ತಲೆಕೆಳಗಾಗಿ ಹಿಡಿದು ಅಲುಗಾಡಿಸಿ. ಬಿದ್ದರೆ ಅಂಗಡಿಗೆ ಮರಳಿಸಿ. ಕಾಣದಂತೆ ಧರಿಸುವವನಿಗೆ ಕಾಣದಿರುವುದೇ ದೊಡ್ಡ ಬೀಗ. ಇದೆಯೆಂದೇ ತಿಳಿಯದ್ದನ್ನು ಯಾರೂ ಕಸಿಯಲು ಬರುವುದಿಲ್ಲ. ಅವನಿಗೆ ಮೂರು ಬೀಗಗಳು ಭಾರ. ಬಟ್ಟೆಯ ಅಂಚನ್ನು ಮುಟ್ಟಿ ಮುಟ್ಟಿ ನೋಡುವ ಚಾಳಿಯನ್ನು ಮಾತ್ರ ಬಿಡಿ, ಜೇಬುಗಳ್ಳರಿಗೆ ಅದು ಫಲಕ ಹಾಕಿದಂತೆ. ಒರೆಗಿಂತ ಮೊದಲು ಬೆಲ್ಟು ನೋಡಿ: ಭಾರಕ್ಕೆ ಬಾಗುವ ಬೆಲ್ಟಿನ ಮೇಲೆ ಎಂಥ ಒರೆಯೂ ಜೋಲುತ್ತದೆ. ಮರಳಿ ಇಡುವಾಗ ಆತುರ ಬೇಡ. ಕಣ್ಣಿಟ್ಟು ನೋಡಿ, ಅಂಗಿಯನ್ನು ಪಕ್ಕಕ್ಕೆ ಸರಿಸಿ, ನಿಧಾನವಾಗಿ ಇಡಿ.

ಅವರದು ಇಲ್ಲಿ ಪತ್ರಿಕೆಗಳು ‘ಚೆಸ್ಕಾ’ ಎಂದು ಬರೆಯುವ ಚೆಕ್ ದೇಶದ ಸಿಜೆಡ್. ಅದರ ಸುತ್ತಿಗೆಯನ್ನು ಇಳಿಸಿಟ್ಟಾಗ ಮೊದಲ ಗುಂಡಿಗೆ ಟ್ರಿಗರನ್ನು ಉದ್ದಕ್ಕೆ ಬಲವಾಗಿ ಎಳೆಯಬೇಕು, ಅದು ಸ್ವಲ್ಪ ರಕ್ಷಣೆ. ಗ್ಲಾಕ್‌ನಂಥವುಗಳಲ್ಲಿ ಬೆರಳಿನಿಂದ ಹಾಕುವ ಪ್ರತ್ಯೇಕ ಸುರಕ್ಷಾ ಕೀಲಿಯಿಲ್ಲ. ಅಲ್ಲಿ ಒರೆಯೇ ಸುರಕ್ಷಾ ಕೀಲಿ.

ಕಾಣುವಂತೆ ಧರಿಸುವವರ ಮಾತು ಬೇರೆ. ಟೆಕ್ಸಾಸ್‌ನಲ್ಲಿರುವ ಓದುಗರಿಗೆ ಇದು ದಿನನಿತ್ಯದ ದೃಶ್ಯವಿರಬಹುದು. ಅಲ್ಲಿ 2016ರ ಜನವರಿ 1ರಿಂದ ಪರವಾನಗಿ ಉಳ್ಳವರು ಕೈಬಂದೂಕನ್ನು ಸೊಂಟದ ಅಥವಾ ಭುಜದ ಒರೆಯಲ್ಲಿ ತೋರುವಂತೆ ಒಯ್ಯಬಹುದಾಯಿತು. 2021ರ ಸೆಪ್ಟೆಂಬರ್ 1ರಿಂದ 21 ವರ್ಷ ತುಂಬಿದ ಬಹುತೇಕರಿಗೆ ಪರವಾನಗಿಯೇ ಬೇಡವಾಯಿತು, ಒರೆ ಮಾತ್ರ ಬೇಕು. ಆ ಒರೆ ಎಷ್ಟು ಬಿಗಿಯಿರಬೇಕೆಂದು ಕಾನೂನು ಕೇಳುವುದಿಲ್ಲ. ತೋರುವಂತೆ ಧರಿಸಿ ಅಂಗಡಿಯ ಸಾಲಿನಲ್ಲಿ ಬೆನ್ನು ತಿರುಗಿಸಿ ನಿಲ್ಲುವವನು ಪೊಲೀಸನಷ್ಟೇ ಅಪಾಯದಲ್ಲಿದ್ದಾನೆ, ಆದರೆ ಪೊಲೀಸನ ತರಬೇತಿ ಅವನಿಗಿಲ್ಲ. ಅಂಥವನಿಗೆ ಎರಡನೆಯ ಹಂತಕ್ಕಿಂತ ಕಡಿಮೆಯದು ಸಲ್ಲದು ಎಂಬುದು ನನ್ನ ಅಭಿಪ್ರಾಯ. ಕೊಂಡ ಮೇಲೆ ಖಾಲಿ ಪಿಸ್ತೂಲಿನೊಡನೆ ನೂರಾರು ಬಾರಿ ತೆಗೆದಿಟ್ಟು ಅಭ್ಯಾಸ ಮಾಡದಿದ್ದರೆ ಆ ಬೀಗ ಧರಿಸಿದವನನ್ನೇ ಮೊದಲು ತಡೆಯುತ್ತದೆ.

ನಮ್ಮ ಕೊಡಗಿನಲ್ಲಿ ಆಯುಧವನ್ನು ಬಹಿರಂಗವಾಗಿ ಒಯ್ಯುವುದು ಬಹಳ ಹಳೆಯದು. 1861ರಲ್ಲಿ ಬ್ರಿಟಿಷರು ಕೊಟ್ಟ ವಿನಾಯಿತಿ ಇಂದಿಗೂ ಉಳಿದು ಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ದಿನ ತೋಕುಗಳನ್ನು ಕನ್ನಿಕೊಂಬರೆಯಲ್ಲಿಟ್ಟು ಹೂವೇರಿಸುವ ಆ ಮನೆಗಳಲ್ಲಿ ಆಯುಧಕ್ಕೆ ಒಂದು ಗೊತ್ತಾದ ಜಾಗವಿದೆ. ಅದನ್ನು ಎಲ್ಲಿಂದ ತೆಗೆಯಬೇಕು, ಎಲ್ಲಿಗೆ ಮರಳಿಸಬೇಕು ಎಂಬುದು ಮನೆಯ ಮಗುವಿಗೂ ಗೊತ್ತು. ನೈರೋಬಿಯ ಬಾಡಿಗೆ ಫ್ಲ್ಯಾಟುಗಳಲ್ಲಿ ಅಂಥ ಜಾಗವನ್ನು ನಾವು ಉಕ್ಕಿನ ಪೆಟ್ಟಿಗೆ ಕೊಂಡು ಮಾಡಿಕೊಳ್ಳಬೇಕಾಗಿದೆ.

ಆಸ್ಪತ್ರೆಗಳ ಬಗೆಗೊಂದು ಮಾತು ಉಳಿದಿದೆ. ಜಾನ್ಸ್ ಹಾಪ್‌ಕಿನ್ಸ್‌ನ ಗಾಬರ್ ಕೆಲೆನ್ ಮತ್ತು ಸಂಗಡಿಗರು ಅಮೆರಿಕದ ಆಸ್ಪತ್ರೆಗಳಲ್ಲಿ 2000ದಿಂದ 2011ರವರೆಗೆ ನಡೆದ 154 ಗುಂಡಿನ ಪ್ರಕರಣಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದರು. ತುರ್ತು ವಿಭಾಗದೊಳಗೆ ನಡೆದವುಗಳಲ್ಲಿ ಶೇಕಡ 23ರಲ್ಲಿ ಬಳಕೆಯಾದದ್ದು ಅಲ್ಲಿದ್ದ ಭದ್ರತಾ ಸಿಬ್ಬಂದಿಯಿಂದ ಕಸಿದ ಬಂದೂಕು. ಈ ಅಂಕಿಯನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಕೆಲವು ವರ್ಷಗಳ ಹಿಂದೆ ನಾನಿದ್ದ ಆಸ್ಪತ್ರೆಯೊಂದಕ್ಕೆ ರಸ್ತೆ ಅಪಘಾತದಲ್ಲಿ ಪ್ರಜ್ಞೆ ತಪ್ಪಿದ ಒಬ್ಬನನ್ನು ತಂದರು. ದಾದಿ ಕತ್ತರಿಯಿಂದ ಪ್ಯಾಂಟು ಸೀಳಿದಾಗ ಸೊಂಟದಿಂದ ಪಿಸ್ತೂಲು ಜಾರಿ ನೆಲಕ್ಕೆ ಬಿದ್ದು ಮಂಚದಡಿ ಸೇರಿತು. ಮಫ್ತಿಯ ಪೊಲೀಸನಂತೆ. ಎಲ್ಲರೂ ಗೋಡೆಗೆ ಒರಗಿದೆವು. ಪಕ್ಕದ ಮಂಚದಲ್ಲಿ ಕೈಕೋಳದೊಡನೆ ಒಬ್ಬ ಕೈದಿ ಮಲಗಿದ್ದ. ಅವನೂ ನೆಲವನ್ನೇ ನೋಡುತ್ತಿದ್ದ. ಕಡೆಗೆ ಊಟದ ತಟ್ಟೆಗಳ ಸ್ಟೀಲ್ ಮುಚ್ಚಳವೊಂದನ್ನು ಅದರ ಮೇಲೆ ಕವುಚಿ, ಪೊಲೀಸರು ಬರುವವರೆಗೆ ನಾನು ಅದರ ಪಕ್ಕದಲ್ಲಿ ನಿಂತಿದ್ದೆ. ನಲವತ್ತು ನಿಮಿಷ. ತುರ್ತು ವಿಭಾಗದ ಬಾಗಿಲಲ್ಲಿ ಆಯುಧಗಳಿಗೊಂದು ಬೀಗದ ಪೆಟ್ಟಿಗೆ ಬೇಕೆಂದು ಅಂದೇ ಬರೆದುಕೊಟ್ಟೆ. ಈಗ ಎಲ್ಲಿ ಕೆಲಸಕ್ಕೆ ಸೇರಿದರೂ ನಾನು ಕೇಳುವ ಮೊದಲ ಕೆಲವು ವಿಷಯಗಳಲ್ಲಿ ಅದೂ ಒಂದು.

ಗೆಳೆಯರು ಕೈಡೆಕ್ಸ್ ಒರೆಯನ್ನೂ ದಪ್ಪ ಬೆಲ್ಟನ್ನೂ ತರಿಸಿಕೊಂಡರು. ದೀಪಾವಳಿಗೆ ಸಿಕ್ಕಾಗ ಹೇಗಿದೆಯೆಂದು ಕೇಳಿದೆ. “ಕೂಲಿಯವರಿಗೆಲ್ಲ ಈಗ ಎಂ-ಪೆಸಾದಲ್ಲೇ ಹಾಕ್ತಾ ಇದ್ದೀನಿ ಡಾಕ್ಟ್ರೇ,” ಎಂದರು. “ಮೊದಲು ಒಪ್ಪಿರಲಿಲ್ಲ, ನಗದೇ ಬೇಕು ಅಂತಿದ್ರು. ಈಗ ಒಪ್ಪಿದ್ದಾರೆ. ಶನಿವಾರ ಅದು ಪೆಟ್ಟಿಗೆಯಲ್ಲೇ ಇರುತ್ತೆ.” ಅಂದು ಅವರು ಚಕ್ಕಳಮಕ್ಕಳ ಹಾಕಿಯೇ ಊಟಕ್ಕೆ ಕುಳಿತರು. ಹೊಸ ಬೆಲ್ಟು ಮಾತ್ರ ಗಡುಸಾಗಿದ್ದು ಇನ್ನೂ ಸೊಂಟಕ್ಕೆ ಒಗ್ಗಿಲ್ಲವಂತೆ.